ಬಾಲದ ಚುಕ್ಕಿಯ ಸಾಕ್ಷಿ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಓದಿದ್ದೆಲ್ಲ ರದ್ದಿ ಪೇಪರಿನಲ್ಲಿ.

ಆಗ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನ ಎದುರು ಒಂದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಪಾರ್ಸೆಲ್ ಕಟ್ಟಲು ಒಬ್ಬ ಮೇಷ್ಟ್ರ ಮನೆಯಿಂದ ಹಳೇ ಪೇಪರ್ ಬರುತ್ತಿತ್ತು. ಬೆಳಿಗ್ಗೆ ಒಂದೊಂದು ಹಾಳೆಯನ್ನೂ ನಾಲ್ಕು ತುಂಡು ಮಾಡಿ ತಂತಿಗೆ ಚುಚ್ಚಬೇಕು. ಹರಿಯುವಾಗ ಓದಲು ಯಜಮಾನರು ಬಿಡುತ್ತಿರಲಿಲ್ಲ. ಗಿರಾಕಿ ಇಲ್ಲದಾಗ ತಂತಿಯಲ್ಲಿ ತೂಗುತ್ತಿದ್ದ ತುಂಡುಗಳನ್ನೇ ಓದುತ್ತಿದ್ದೆ. ಸುದ್ದಿಯ ತಲೆ ನನ್ನ ಹತ್ತಿರ ಇದ್ದರೆ ಕಾಲು ಯಾರದೋ ಕೈಯಲ್ಲಿ ಊರಿಗೆ ಹೋಗಿರುತ್ತಿತ್ತು.

ವಿಜ್ಞಾನದ ತುಂಡು ಸಿಕ್ಕರೆ ಮಾತ್ರ ಕಟ್ಟಲು ಕೊಡುತ್ತಿರಲಿಲ್ಲ. ಕಡಲೆಹಿಟ್ಟಿನ ಚೀಲದ ಕೆಳಗೆ ಇಡುತ್ತಿದ್ದೆ. ನಾವು ನೋಡುವ ನಕ್ಷತ್ರದ ಬೆಳಕು ನಮ್ಮಜ್ಜ ಹುಟ್ಟುವ ಮುಂಚೆಯೇ ಅಲ್ಲಿಂದ ಹೊರಟಿರಬಹುದಂತೆ. ಇಂಥದ್ದನ್ನು ಓದಿದ ದಿನ ಎಣ್ಣೆ ಬಾಂಡಲಿಯ ಮುಂದೆ ನಿಂತು ಸುಮ್ಮನೆ ನಗುತ್ತಿದ್ದೆ. ಯಾರಿಗೆ ಹೇಳಲಿ? ನಮ್ಮೂರು ಮಾಗಳ. ಈ ಊರಲ್ಲಿ ನನಗೆ ಯಾರೂ ಇರಲಿಲ್ಲ.

ಕೇಳುತ್ತಿದ್ದವನು ಒಬ್ಬನೇ. ತಂಬ್ರಹಳ್ಳಿ ಕಡೆಯವನು, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಹಮಾಲಿ, ನನ್ನ ವಯಸ್ಸಿನವನು. ಅವನಿಗೆ ಓದು ಬರುತ್ತಿರಲಿಲ್ಲ. ದಿನಾ ಸಂಜೆ ಮಿರ್ಚಿ ತಿಂದಾದ ಮೇಲೆ ಎಣ್ಣೆ ಹತ್ತಿದ ಕಾಗದ ಬಿಡಿಸಿ ನನ್ನ ಮುಂದೆ ಹಿಡಿಯುತ್ತಿದ್ದ. "ಇದರಾಗ ಏನ್ ಬರದೈತಿ, ಓದಲೇ."

ಒಂದು ಸಲ ಓದಿದೆ: ಸಮುದ್ರದಲ್ಲಿ ಒಂದು ಪ್ರಾಣಿಗೆ ಮೂರು ಹೃದಯ ಇರುತ್ತವೆ.

"ಮೂರಾ? ನಮ್ಮ ಸಾವ್ಕಾರಗ ಒಂದೂ ಇಲ್ಲಲ್ಲೋ" ಅಂದ.

ಆ ವರ್ಷ ಪೇಪರಿನಲ್ಲಿ ಧೂಮಕೇತುವಿನ ವಿಷಯ ಬಂದಿತ್ತು. ಸೂರ್ಯ ಮುಳುಗಿದ ಮೇಲೆ ಪಡುವಣಕ್ಕೆ ಬರಿಗಣ್ಣಿಗೇ ಕಾಣುತ್ತದೆ ಅಂತ. ಸೋಮವಾರ ಸಂಜೆ ಅವನನ್ನು ಅಂಗಡಿಯ ಹಿಂದಿನ ಕಟ್ಟೆಗೆ ಕರೆದುಕೊಂಡು ಹೋದೆ. ಕಂಡಿತು. ಯಾರೋ ಸುಣ್ಣದ ಬೆರಳು ಎಳೆದಂತೆ ಬಾಲ.

"ಓಡ್ತೈತಂತಿ, ನಿಂತಂಗ ಕಾಣ್ತೈತಲ್ಲ" ಅಂದ.

"ದೂರ ಐತಲೇ, ಅದಕ್ಕ. ಹೋತಂದ್ರ ಮತ್ತ ಬರದು ಸಾವಿರಾರು ವರ್ಷಕ್ಕಂತ."

"ಆವಾಗ ಇಲ್ಲಿ ಮಿರ್ಚಿ ಕರಿಯಾಕ ಯಾರಿರ್ತಾರೋ ಏನೋ."

ಕತ್ತಲಾಗುವ ತನಕ ಕೂತಿದ್ದೆವು.

ಮರುದಿನ ಪೊಲೀಸರು ಅವನನ್ನು ಮಾರ್ಕೆಟ್ಟಿನಿಂದ ಎತ್ತಿಕೊಂಡು ಹೋದರು. ಹಿಂದಿನ ವಾರ ಅವನು ಹೋಗಿ ಚೀಲ ಹೊತ್ತು ಹಾಕಿದ್ದ ಒಬ್ಬ ರೈತನ ಹೊಲದಲ್ಲಿ ಸೋಮವಾರ ಸಂಜೆ ಪಂಪಿನ ಮೋಟರ್ ಕಾಣೆಯಾಗಿತ್ತು. ಕಾಣೆಯಾದ ಹೊತ್ತಿಗೆ ಅವನು ನನ್ನ ಪಕ್ಕದಲ್ಲಿ ಆಕಾಶ ನೋಡುತ್ತಿದ್ದ. ಇದು ಗೊತ್ತಿದ್ದವನು ನಾನೊಬ್ಬನೇ.

ಠಾಣೆಗೆ ದಿನಾ ಸಂಜೆ ನಮ್ಮ ಅಂಗಡಿಯಿಂದ ಮಿರ್ಚಿ ಹೋಗುತ್ತಿತ್ತು. ಒಬ್ಬ ಪೇದೆ ಬಂದು ಒಯ್ಯುತ್ತಿದ್ದ. ಅವನಿಗೆ ಹೇಳಿದರೆ ಆಯಿತು ಅಂದುಕೊಂಡೆ. ಆ ಸಂಜೆ ಅವನು ಬಂದಾಗ ಪಾರ್ಸೆಲ್ಲಿಗೆ ತಂತಿಯಿಂದ ಕಾಗದ ಕಿತ್ತೆ. ಯಾವುದೋ ದೂರದ ಊರಿನ ಸುದ್ದಿ. ವಿಚಾರಣೆಗೆ ಕರೆದೊಯ್ದಿದ್ದ ಒಬ್ಬ ಠಾಣೆಯಲ್ಲೇ ಸತ್ತಿದ್ದ. ಹೊಟ್ಟೆನೋವು ಬಂದು ಸತ್ತ ಅಂತ ಪೊಲೀಸರ ಹೇಳಿಕೆ. ಮೈಮೇಲೆಲ್ಲ ಬಾಸುಂಡೆ ಇದ್ದವು ಅಂತ ಅವನ ಹೆಂಡತಿ. ಅವನ ಪರವಾಗಿ ಕೇಳಲು ಹೋದ ತಮ್ಮನನ್ನೂ... ಅಷ್ಟಕ್ಕೆ ಹರಿದಿತ್ತು. ತಮ್ಮನಿಗೆ ಏನಾಯಿತು ಅನ್ನುವ ತುಂಡು ತಂತಿಯಲ್ಲೆಲ್ಲ ಹುಡುಕಿದೆ. ಸಿಗಲಿಲ್ಲ.

"ಏನ್ ಹುಡುಕ್ತೀಯಲೇ? ಲಗೂನ ಕಟ್ಟು" ಅಂದ ಪೇದೆ.

ಆ ತುಂಡನ್ನು ಜೇಬಿಗೆ ತುರುಕಿ, ಬೇರೆ ಕಾಗದದಲ್ಲಿ ಕಟ್ಟಿ ಕೊಟ್ಟೆ. ಬಾಯಿ ತೆರೆಯಲಿಲ್ಲ.

ಬುಧವಾರವೂ ಕಟ್ಟಿ ಕೊಟ್ಟೆ. ಯಜಮಾನರಿಗೆ ವಿಷಯ ಹೇಳಿದರೆ ಹಣೆಯ ವಿಭೂತಿ ಸುಕ್ಕಾಗುವಂತೆ ಹುಬ್ಬು ಗಂಟಿಕ್ಕಿದರು. "ನಿನಗ್ಯಾಕೋ ಊರ ಉಸಾಬರಿ? ನಾಳೆ ನಿನ್ನೂ ಒಳಗ ಹಾಕಿದ್ರ ಬಾಂಡ್ಲಿ ಮುಂದ ಯಾರು ನಿಲ್ಲಬೇಕು?"

ಗುರುವಾರ ತಡೆಯಲಾಗಲಿಲ್ಲ. ಪೇದೆ ಪಾರ್ಸೆಲ್ಲಿಗೆ ಕೈ ಚಾಚಿದಾಗ ಹೇಳಿಬಿಟ್ಟೆ. "ಸಾಹೇಬ್ರ, ಸೋಮವಾರ ಸಂಜಿ ಅವನು ನನ್ನ ಕೂಡ ಇದ್ದ. ಹಿಂದಿನ ಕಟ್ಟಿ ಮ್ಯಾಲೆ ಕುಂತು ಬಾಲದ ಚುಕ್ಕಿ ನೋಡ್ತಿದ್ವಿ."

ಪೇದೆ ನನ್ನ ಮುಖ ನೋಡಿದ. ಆಮೇಲೆ ಜೋರಾಗಿ ನಕ್ಕ. "ಚುಕ್ಕೀನ ಸಾಕ್ಷಿಗೆ ಕರಸ್ತಿ ಏನ್ಲೇ? ಸಮನ್ಸ್ ಯಾವ ಅಡ್ರೆಸ್ಸಿಗೆ ಕಳಸಾದು?"

ಅಂಗಡಿಯಲ್ಲಿ ಕೂತಿದ್ದವರೂ ನಕ್ಕರು. ನನ್ನನ್ನು ಯಾರೂ ಒಳಗೆ ಹಾಕಲಿಲ್ಲ. ಮೂರು ದಿನ ಹೆದರಿದ್ದು ಇಷ್ಟಕ್ಕೆ.

ಶುಕ್ರವಾರ ಮೋಟರ್ ಸಿಕ್ಕಿತು. ಅದು ಕಳುವೇ ಆಗಿರಲಿಲ್ಲ. ಸುಟ್ಟುಹೋಗಿತ್ತು ಅಂತ ರೈತನ ಭಾಮೈದನೇ ಬಿಚ್ಚಿಕೊಂಡು ಹೋಗಿ ಕೊಟ್ಟೂರಿನಲ್ಲಿ ವೈಂಡಿಂಗಿಗೆ ಕೊಟ್ಟಿದ್ದ. ಭಾವನಿಗೆ ಹೇಳಲು ಮರೆತು ಹರಪನಹಳ್ಳಿಗೆ ಮದುವೆಗೆ ಹೋಗಿಬಿಟ್ಟಿದ್ದ. ಭಾವ ಸೀದಾ ಠಾಣೆಗೆ ಹೋಗಿದ್ದ. ಹಮಾಲಿಯನ್ನು ಬಿಟ್ಟರು. ಈ ಸುದ್ದಿ ಯಾವ ಪೇಪರಿನಲ್ಲೂ ಬರಲಿಲ್ಲ.

ಎಂಟು ದಿನ ಬಿಟ್ಟು ಅವನು ಅಂಗಡಿಗೆ ಬಂದ. ಅಂಗಾಲು ಊರಲಾರದೆ ಪಾದದ ಅಂಚಿನ ಮೇಲೆ ನಡೆಯುತ್ತಿದ್ದ.

"ಕುಂಡ್ರು ಬಾರಲೇ" ಅಂದೆ.

"ಕುಂಡ್ರಾಕ ಬರಂಗಿಲ್ಲ."

"ನಾ ಹೇಳೀನಿ ಅವ್ರಿಗೆ. ನೀ ನನ್ನ ಕೂಡ ಇದ್ದಿ ಅಂತ."

"ಯಾವತ್ತು ಹೇಳಿದಿ?"

"ಗುರುವಾರ."

ಅವನು ಬಾಂಡಲಿಯ ಕಡೆ ನೋಡಿದ. "ದಿನಾ ಸಂಜಿ ನಿನ್ನ ಮಿರ್ಚಿ ವಾಸನಿ ಒಳಗ ಬರ್ತಿತ್ತು. ಇವತ್ತು ನೀ ಹೇಳಿ ಕಳಿಸಿರ್ತಿ ಅಂದ್ಕಂತಿದ್ದೆ. ಅವ್ರು ತಿಂದು ಕೈ ಒರಸ್ಕೊಂಡು ಮತ್ತ ಚಾಲೂ ಮಾಡ್ತಿದ್ರು."

ಜೇಬಿನಲ್ಲಿದ್ದ ತುಂಡು ತೋರಿಸಿ, ಇದನ್ನು ಓದಿ ಹೆದರಿದೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಅವನು ಒಳಗಿದ್ದ, ನಾನು ಓದಿದ್ದೆ ಅಷ್ಟೇ.

ಎರಡು ಬಿಸಿ ಮಿರ್ಚಿ ತೆಗೆದೆ. ಹಿಟ್ಟಿನ ಚೀಲದ ಕೆಳಗಿಂದ ಧೂಮಕೇತುವಿನ ಕಾಗದ ಎಳೆದು ಅದರಲ್ಲೇ ಕಟ್ಟಿ ಕೊಟ್ಟೆ. ಓದಲು ಬಾರದಿದ್ದರೂ ಚಿತ್ರ ಇತ್ತು, ಗುರುತು ಸಿಗುತ್ತಿತ್ತು.

ನಿಂತುಕೊಂಡೇ ತಿಂದ. ಕೊನೆಗೆ ಬೆರಳು ಒರೆಸಿಕೊಂಡು, ಕಾಗದ ಉಂಡೆ ಮಾಡಿ, ಕಸದ ಡಬ್ಬಿಗೆ ಹಾಕಿದ. ಏನ್ ಬರದೈತಿ ಅಂತ ಕೇಳಲಿಲ್ಲ. ಬಸ್ಸು ಬಂತು, ಹತ್ತಿದ. ಕಂಬಿ ಹಿಡಿದು ನಿಂತೇ ಹೋದ.

ಆ ಸಂಜೆ ಹಿಂದಿನ ಕಟ್ಟೆಗೆ ಹೋದೆ. ಚುಕ್ಕಿ ಇನ್ನೂ ಇತ್ತು, ಸ್ವಲ್ಪ ಕೆಳಗೆ ಇಳಿದಿತ್ತು. ಅವನು ಕೂತಿದ್ದ ಜಾಗ ಬಿಟ್ಟು ಈಚೆಗೆ ಕೂತೆ.