ಒಂದು ರಾತ್ರಿ ಬಿಟ್ಟು ಅಳೆದ ತೋಟಾಗಳು

ಕಾಫಿಪುಡಿಯನ್ನು ಫಿಲ್ಟರಿಗೆ ಹಾಕಿ ಒತ್ತುವಾಗ ಸಣ್ಣಗೆ ಕರ್ ಎನ್ನುತ್ತದಲ್ಲ, ಆ ಸದ್ದು ಕೇಳಿದರೆ ಸಾಕು, ಈಗಲೂ ನಾನು ಕಡಲಾಚೆಯ ಹಾರ್ನ್‌ಬಿ ಊರಿನಲ್ಲಿ ದೊಡ್ಡಪ್ಪನ ಗ್ಯಾರೇಜಿನಲ್ಲಿರುತ್ತೇನೆ. ಮೇಜಿನ ಮುಂದೆ ದೊಡ್ಡಪ್ಪ, ಪಕ್ಕದ ಸ್ಟೂಲಿನ ಮೇಲೆ ಹತ್ತು ವರ್ಷದ ನಾನು, ಬಾಗಿಲಲ್ಲಿ ಕಾಫಿ ಲೋಟ ಹಿಡಿದ ದೊಡ್ಡಮ್ಮ, ಬೇಲಿಯಾಚೆಯಿಂದ ಬಂದು ನಿಂತ ಗ್ರಹಾಂ ಅಂಕಲ್. ಮೈಸೂರಿನಿಂದ ಬಂದ ದೊಡ್ಡಪ್ಪನಿಗೆ ಜಿಂಕೆ ಬೇಟೆ ಕಲಿಸಿದವರು ಅವರು. ರೈಫಲಿನ ತೋಟಾಗಳನ್ನು ಮನೆಯಲ್ಲೇ ತುಂಬುವ ಹುಚ್ಚು ಹಿಡಿಸಿದವರೂ ಅವರೇ.

ದೊಡ್ಡಪ್ಪ ಮದ್ದನ್ನು ತೂಗಿ, ಉದ್ದ ಕೊರಳಿನ ಆಲಿಕೆಯಿಂದ ಹಿತ್ತಾಳೆಯ ಕೊಳವೆಗೆ ಆತುರವಿಲ್ಲದೆ ಸುರಿಯುತ್ತಿದ್ದರು. ಅದು ಕೊಳವೆಯ ಕಂಠದವರೆಗೂ ಬರುತ್ತಿತ್ತು. ಮೇಲೆ ಗುಂಡು ಕೂರಿಸಿ ಒತ್ತುಯಂತ್ರದ ಹಿಡಿಕೆ ಎಳೆದರೆ ಮದ್ದಿನ ಕಾಳುಗಳು ಒತ್ತಿಕೊಂಡು ಅದೇ ಸದ್ದು. ಹೀಗೆ ಒತ್ತಿ ತುಂಬಿದ ಮದ್ದು ಕೆಲವೊಮ್ಮೆ ಗುಂಡನ್ನು ಕೂದಲೆಳೆಯಷ್ಟು ವಾಪಸ್ಸು ತಳ್ಳುತ್ತದೆ. ಹಾಗೆ ಉದ್ದವಾದ ತೋಟಾ ಹಾರಿಸಿದರೆ ಒತ್ತಡ ಏರಿ ಬಂದೂಕೇ ಒಡೆದೀತು ಎಂಬ ಭಯ ಅವರಿಗೆ. ಅದಕ್ಕೇ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ಅಳೆಯಬೇಕು. “ನನ್ನ ಫಿಲ್ಟರೇ ವಾಸಿ ಕಣ್ರೀ, ಒತ್ತಿದ್ರೆ ಒತ್ತಿದ ಹಾಗೇ ಇರತ್ತೆ,” ಎಂದು ದೊಡ್ಡಮ್ಮ ಕೆಣಕುತ್ತಿದ್ದರು. ಅಳೆಯುವ ಕೆಲಸ ನನ್ನದು. ಕ್ಯಾಲಿಪರಿನ ತಣ್ಣನೆಯ ದವಡೆಯಲ್ಲಿ ಒಂದೊಂದನ್ನೇ ಹಿಡಿದು, ಹಿಂದಿನ ದಿನದ ಚೀಟಿಗೆ ಹೋಲಿಸಿ, ಸರಿ ಎನ್ನಬೇಕು.

ಗಂಡು ಜಿಂಕೆಗಳು ಹೆಣ್ಣಿಗಾಗಿ ಕೂಗುವ, ಬೇಟೆಯ ಏಪ್ರಿಲ್. ಆ ಸಲ ನನ್ನನ್ನೂ ಗುಡ್ಡಕ್ಕೆ ಕರೆದೊಯ್ಯುವ ಮಾತಾಗಿತ್ತು. ಹೊರಡುವ ಬೆಳಿಗ್ಗೆ ಅಳೆದರೆ ಇಪ್ಪತ್ತರಲ್ಲಿ ಎರಡು ಬೆಳೆದಿದ್ದವು. ಒಂದು ಕೆಟ್ಟರೂ ದೊಡ್ಡಪ್ಪ ಅಷ್ಟನ್ನೂ ಬಿಚ್ಚುವವರು. ಪ್ರಯಾಣ ಅಲ್ಲಿಗೇ ನಿಲ್ಲುತ್ತದೆ. ನಾನು ಎಲ್ಲ ಸರಿ ಇದೆ ಎಂದುಬಿಟ್ಟೆ.

ಗ್ರಹಾಂ ಅಂಕಲ್ ತಮ್ಮ ಯೂಟ್ ಗಾಡಿ ಸ್ಟಾರ್ಟ್ ಮಾಡಿದ್ದರು. ನನ್ನ ಜಾಕೆಟ್ಟಿನ ಜಿಪ್ ಎಳೆಯುತ್ತ ದೊಡ್ಡಪ್ಪ, “ನೀನು ನೋಡಿದೀಯಲ್ಲ ಪುಟ್ಟಿ, ನಾನು ಮತ್ತೆ ನೋಡಲ್ಲ,” ಎಂದರು.

“ದೊಡ್ಡಪ್ಪ, ಎರಡು ಉದ್ದ ಆಗಿವೆ.”

ಅವರು ಬೈಯಲಿಲ್ಲ. ಗ್ರಹಾಂ ಅಂಕಲ್‌ಗೆ ಕೈಸನ್ನೆ ಮಾಡಿ ಯೂಟ್ ಆಫ್ ಮಾಡಿಸಿ, ನನ್ನನ್ನು ಅದೇ ಸ್ಟೂಲಿನ ಮೇಲೆ ಕೂರಿಸಿಕೊಂಡು ಇಪ್ಪತ್ತನ್ನೂ ಬಿಚ್ಚಿದರು. “ಹೇಳಿದೆಯಲ್ಲ, ಸಾಕು. ಗುಡ್ಡ ಎಲ್ಲಿಗೂ ಹೋಗಲ್ಲ.”

ಗುಡ್ಡ ಹೋಗಲಿಲ್ಲ. ಮುಂದಿನ ಏಪ್ರಿಲ್‌ಗೆ ದೊಡ್ಡಪ್ಪ ಇರಲಿಲ್ಲ.

ಬಂದೂಕನ್ನು ಗ್ರಹಾಂ ಅಂಕಲ್ ಕೊಂಡೊಯ್ದರು. ಡಬ್ಬಿಯಲ್ಲಿ ಉಳಿದ ಮದ್ದು ಹುಲ್ಲಿಗೆ ಒಳ್ಳೆ ಗೊಬ್ಬರ ಎಂದೂ ಅವರೇ ಹೇಳಿದರು. ದೊಡ್ಡಮ್ಮ ಅದನ್ನು ರಂಗೋಲಿಪುಡಿಯಂತೆ ಬೆರಳ ಸಂದಿಯಿಂದ ಹಿತ್ತಲಿಗೆಲ್ಲ ಉದುರಿಸಿದರು. ಸೆಪ್ಟೆಂಬರಿನಲ್ಲಿ ಅಲ್ಲಿ ಹುಲ್ಲು ಕಡುಹಸಿರಾಗಿ ಎದ್ದಿತು. ಎಂದಿನಂತೆ ಗ್ರಹಾಂ ಅಂಕಲ್ ಹುಲ್ಲು ಕತ್ತರಿಸುವ ಯಂತ್ರ ತಂದಾಗ, ದೊಡ್ಡಮ್ಮ ಇನ್ನೊಂದು ವಾರ ಇರಲಿ ಎಂದು ಅವರನ್ನು ವಾಪಸ್ಸು ಕಳಿಸಿದರು.