ಬೀರುವಿನೊಳಗಿನ ಟಾಕೀಸು

ನಮ್ಮ ಭಾವನ ಸಿನಿಮಾಗಳೆಲ್ಲ ಮಲಗುವ ಕೋಣೆಯ ಬೀರುವಿನಲ್ಲಿವೆ. ಹೊದಿಕೆಗಳ ಪಕ್ಕದಲ್ಲೇ ಗುಂಯ್‌ಗುಡುವ ಹಾರ್ಡ್‌ಡಿಸ್ಕುಗಳ ಪೆಟ್ಟಿಗೆ. ಅಲ್ಲಿಂದ ವೈರು ಹಿಡಿದು ಚಿತ್ರ ಹಾಲಿನ ಕಂಪ್ಯೂಟರಿಗೆ ಬಂದು ದೊಡ್ಡ ಪರದೆ ಹತ್ತುತ್ತದೆ. ಚಿತ್ರ ಸಿಕ್ಕಿಕೊಂಡು ಹೀರೊ ಒಂದು ಕ್ಷಣ ತಡವರಿಸಿದರೆ ಸಾಕು, ಭಾವ "ಎರಡೇ ನಿಮಿಷ, ಯಾರೂ ಏಳ್ಬೇಡಿ" ಎಂದು ಸಿನಿಮಾ ನಿಲ್ಲಿಸಿ ಬೀರುವಿಗೆ ತಲೆ ತೂರಿಸುತ್ತಾರೆ. ಆ ಮನೆಯಲ್ಲಿ ಕ್ಲೈಮ್ಯಾಕ್ಸ್ ನೋಡಿದ ನೆಂಟರಿಲ್ಲ. ಈಗ ಹೊಸ ಹುಚ್ಚು: ಕನ್ನಡ ಸಿನಿಮಾಗಳಿಗೂ ತಾವೇ ಕೂತು ಪಾತ್ರಗಳ ಒಂದೊಂದೇ ಮಾತು ಕನ್ನಡದಲ್ಲೇ ಟೈಪು ಮಾಡಿ ಸಬ್‌ಟೈಟಲ್ಲಾಗಿ ಪರದೆಯ ಕೆಳಗೆ ಓಡಿಸುತ್ತಾರೆ. "ನಮಗೇನು ಕನ್ನಡ ಬರಲ್ವಾ?" ಎಂದು ಅಕ್ಕ ನಗುತ್ತಾಳೆ. "ಸುಮ್ನೆ ಟೆಸ್ಟಿಂಗ್ ಕಣೇ" ಎನ್ನುತ್ತಾರೆ ಭಾವ. ಮೊನ್ನೆ ನಾನು ಹಿಂದಿನಿಂದ ಎರಡು ಸಲ ಜೋರಾಗಿ ಕರೆದರೂ ಅಕ್ಕ ತಿರುಗಲಿಲ್ಲ. ಭಾವ ನನ್ನತ್ತ ನೋಡಿ, ಏನೂ ಹೇಳಬೇಡ ಎನ್ನುವಂತೆ ತುಟಿಯ ಮೇಲೆ ಬೆರಳಿಟ್ಟರು.