ಓಣಿ ಕಡೆಯ ಕಿಟಕಿ

ಶಿಕಾರಿಪುರದಲ್ಲಿ ಮನೆ ನಕ್ಷೆ ಹಾಕಿಕೊಡುತ್ತಿದ್ದ ನನ್ನನ್ನು ತೊಂಬತ್ತರ ದಶಕದಲ್ಲೊಮ್ಮೆ ಸೊರಬದ ಗೌರಮ್ಮನವರು ತಮ್ಮ ಹಳೆಯ ಇಟ್ಟಿಗೆ ಮನೆಯ ರಿಪೇರಿಗೆ ಕರೆಸಿದ್ದರು. ಪರವಾನಗಿ ಸಿಗಬೇಕಾದರೆ ಪ್ರತಿ ಕೋಣೆಗೂ ಕಿಟಕಿ ಇರಬೇಕು ಎಂಬುದು ನಿಯಮ. ಅವರ ನಡುಕೋಣೆಗೆ ಒಂದೂ ಇರಲಿಲ್ಲ.

"ಹಿತ್ತಲ ಕಡೆ ಇಡೋಣ, ಸಲೀಸು" ಎಂದೆ.

"ಬ್ಯಾಡ್ರೀ, ಓಣಿ ಕಡೆಗೇ ಇರಲಿ" ಎಂದರು.

ಓಣಿಯಾಚೆ ಅವರ ಓರಗಿತ್ತಿ ಬಸಮ್ಮನ ಅಡುಗೆಮನೆ. ಮನೆ ಪಾಲಾದಾಗಿನಿಂದ ಇಬ್ಬರಿಗೂ ಮಾತಿಲ್ಲ ಎಂದು ಮೇಸ್ತ್ರಿ ಮೊದಲೇ ನನ್ನ ಕಿವಿಯಲ್ಲಿ ಊದಿದ್ದ.

ಗೌರಮ್ಮ ನನ್ನನ್ನು ಓಣಿಗೆ ಕರೆತಂದು ಪಿಸುಗುಟ್ಟಿದರು: "ಕಿಟಕಿ ಇಲ್ಲೇ ಇಡಬೇಕು ಅಂತ ಕಾನೂನೈತೆ ಅಂತ ಜೋರಾಗಿ ಹೇಳ್ರೀ. ನಾನಾಗೇ ಇಟ್ಟರೆ ಸೋತಂಗಾಗುತ್ತೆ."

ನಾನು ಗಂಟಲು ಸರಿಮಾಡಿಕೊಂಡು ಕೂಗಿದೆ. "ಸರ್ಕಾರದ ಕಾನೂನಮ್ಮ! ಕಿಟಕಿ ಇಲ್ಲೇ ಬರಬೇಕು!"

"ಅಯ್ಯೋ ಶಿವನೇ! ಇಲ್ಲೇನಾ? ಸರ್ಕಾರಕ್ಕೆ ಎದುರಾಡಕ್ಕಾಗುತ್ತಾ?" ಗೌರಮ್ಮ ನನಗಿಂತ ಜೋರಾಗಿ ಗೋಳಾಡಿದರು.

ಆಚೆ ಪಾತ್ರೆಗಳ ಸದ್ದು ನಿಂತಿತು. ಕೈಯಲ್ಲಿ ಸೌಟು ಹಿಡಿದ ಬಸಮ್ಮ ಬಾಗಿಲಿಗೆ ಬಂದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಏನ್ರೀ ಇಂಜಿನಿಯರ್ರೇ, ಕಾನೂನು ಅವರೊಬ್ಬರಿಗೇನಾ? ನಮ್ಮ ಅಡುಗೆಮನೆಗೂ ಕಿಟಕಿ ಇಲ್ಲ. ಸರಿಯಾಗಿ ಅವರ ಕಿಟಕಿ ಎದುರಿಗೇ ನಮಗೂ ಒಂದು ಗುರುತು ಹಾಕ್ರಿ!"

ಎರಡಕ್ಕೂ ಗುರುತು ಹಾಕಿದೆ. ಗೌರಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಕೆಲಸ ಮುಗಿದ ಮೇಲೆ ನೋಡಲು ಹೋದೆ. ಗಾಳಿ ಬೆಳಕಿಗೆಂದು ಇಡಿಸಿದ ಕಿಟಕಿಗಳಲ್ಲಿ ಎರಡು ತಲೆಗಳು ಎಷ್ಟು ಭದ್ರವಾಗಿ ಕೂತಿದ್ದವೆಂದರೆ, ಗಾಳಿಗಾಗಲಿ ಬೆಳಕಿಗಾಗಲಿ ಒಳಗೆ ಹೋಗಲು ದಾರಿಯೇ ಇರಲಿಲ್ಲ.